ಸವುಳು ನೀರಿನ ಬಾವಿ

ನಮ್ಮೂರಿನ ಹೊಲದ ಮೂಲೆಯಲ್ಲಿ ಒಂದು ಬಾವಿ ಇತ್ತು. ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ತೊಗರಿ ಹೊಲದ ಬದುವಿಗೆ ಅಂಟಿಕೊಂಡು. ಕಲ್ಲು ಕಟ್ಟಿದ ಬಾವಿ, ಇಳಿಯಲು ಮೆಟ್ಟಿಲೂ ಇದ್ದವು. ಆದರೆ ಅದರ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಒಂದು ಕೊಡ ನೀರಿಗಾಗಿ ಹಳ್ಳದವರೆಗೂ ನಡೆಯುತ್ತಿದ್ದರು, ಆ ಬಾವಿಯ ಕಡೆ ಹೋಗುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಮುತ್ಯಾ ಒಂದೇ ಮಾತು ಹೇಳುತ್ತಿದ್ದ: "ಅದರ ನೀರು ಸವುಳು ಅದ, ತಮ್ಮಾ."

ನಾನು ಪಿಯುಸಿ ಓದುವಾಗ ಕಾಕಾ ಆ ಬಾವಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬೋರ್ ಹಾಕಿಸಿದ. ನೀರು ಬಿತ್ತು. ಎಲ್ಲರೂ ಬೊಗಸೆ ಒಡ್ಡಿ ಕುಡಿದೆವು. ಬೆಲ್ಲ ಕದಡಿದಷ್ಟು ಸಿಹಿ. ಮುತ್ಯಾನೂ ಕುಡಿದ. ನಾನು ಬಾವಿಯ ಕಡೆ ನೋಡಿದೆ, ಮುತ್ಯಾನ ಮುಖ ನೋಡಿದೆ. ಅವನು ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡು, "ಮೋಟರ್ ಯಾವ ಕಂಪನಿದು?" ಅಂತ ಕಾಕಾನನ್ನು ಕೇಳಿದ.

ಈಗ ಕಲಬುರಗಿಯಲ್ಲಿ ವಕೀಲಿಕೆ ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಬರುವುದೆಲ್ಲ ಜಮೀನಿನ ದಾವೆ, ವಾಟ್ನಿ ಜಗಳ. ಸಾಕ್ಷಿ ಹೇಳುವವರ ಬಾಯಿ ಎಲ್ಲಿ ತಡವರಿಸುತ್ತದೆ ಅಂತ ನೋಡುವುದೇ ಕೆಲಸ. ಎಲ್ಲವನ್ನೂ ದಿನ, ಹೊತ್ತು, ಬಟ್ಟೆಯ ಬಣ್ಣ ಸಮೇತ ಹೇಳುವ ಸಾಕ್ಷಿ ಒಂದು ಕಡೆ ಬಂದು "ಆಮೇಲೆ ಏನೂ ಆಗಲಿಲ್ಲ" ಅಂದರೆ, ನಮ್ಮ ಪ್ರಶ್ನೆ ಅಲ್ಲಿಂದಲೇ ಶುರು.

ಮುತ್ಯಾ ಅಂಥ ಸಾಕ್ಷಿಯಾಗಿದ್ದ.

ನಿಜಾಮನ ಪರ ನಿಂತ ಶಸ್ತ್ರಧಾರಿ ಗುಂಪಾದ ರಜಾಕಾರರ ಹಾವಳಿಯ ಕತೆಯನ್ನು ಎಷ್ಟು ಸಲ ಕೇಳಿದರೂ ಹೇಳುತ್ತಿದ್ದ. ಆಯಿ ತನ್ನ ಬೋರಮಾಳ ಸರವನ್ನು ಹಗೇವಿನಲ್ಲಿ ಜೋಳದ ತಳಕ್ಕೆ ಹುಗಿದದ್ದು, ರಾತ್ರಿಯೆಲ್ಲ ನಡೆದು ಸೊಲ್ಲಾಪುರದ ಗಡಿ ಸೇರಿದ್ದು, ಮಗು ಅಳಬಾರದು ಅಂತ ಬಾಯಿಗೆ ಸೆರಗು ಒತ್ತಿ ಹಿಡಿದದ್ದು. ಬಸವಕಲ್ಯಾಣದ ಕಡೆಯ ಗೋರ್ಟಾದ ಮಾತು ಬಂದರೆ ಅವನ ದನಿ ಏರುತ್ತಿತ್ತು. 1948ರ ಮೇ ತಿಂಗಳಲ್ಲಿ ಅಲ್ಲಿ ರಜಾಕಾರರು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಈಗ ಅಲ್ಲಿ ಹುತಾತ್ಮರ ಸ್ಮಾರಕ ಎದ್ದಿದೆ. ಏಳಲೇಬೇಕಿತ್ತು.

"ಆಮೇಲ?" ಅಂತ ಕೇಳುತ್ತಿದ್ದೆ.

"ಆಮೇಲ ಪೊಲೀಸ್ ಆ್ಯಕ್ಷನ್ ಆತು. ನಾವು ತಿರುಗಿ ಊರಿಗೆ ಬಂದ್ವಿ."

"ಆಮೇಲ?"

"ಆಮೇಲ ಏನದ? ಎಲ್ಲ ಸುಮ್ನಾತು."

ಆ "ಸುಮ್ನಾತು" ಬಗ್ಗೆ ನಾನು ಪಾಟಿಸವಾಲು ಮಾಡಲಿಲ್ಲ. ಮೊಮ್ಮಗ ಮುತ್ಯಾನನ್ನು ಹಾಗೆ ಕೇಳುವುದು ಆಗದ ಮಾತು. 2003ರಲ್ಲಿ ಅವನು ತೀರಿಕೊಂಡ. ಹತ್ತು ವರ್ಷದ ಮೇಲೆ, 2013ರಲ್ಲಿ, ಸುಂದರಲಾಲ್ ಸಮಿತಿಯ ವರದಿ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಗುತ್ತದೆ ಎಂಬ ಸುದ್ದಿ ದೊಡ್ಡದಾಗಿ ಬಂತು. ಅಷ್ಟು ವರ್ಷ ಸರ್ಕಾರ ಅದನ್ನು ಪ್ರಕಟಿಸಿರಲೇ ಇಲ್ಲ.

ನಮ್ಮ ಕಡೆಯವರಿಗೆ ಗೊತ್ತಿರುವುದನ್ನು ಬೇರೆಯವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮೂಲಕ, ಭಾರತಕ್ಕೆ ಸೇರದೆ ಉಳಿದಿದ್ದ ನಿಜಾಮನ ಹೈದರಾಬಾದ್ ರಾಜ್ಯದೊಳಗೆ ಬಂತು. ಅದೇ ಪೊಲೀಸ್ ಆ್ಯಕ್ಷನ್. ಈಗಿನ ಹೆದ್ದಾರಿ 65ರ ಹಾದಿಯೇ. 17ಕ್ಕೆ ಎಲ್ಲ ಮುಗಿಯಿತು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಬಾವುಟ ಏರುತ್ತದೆ, ಪಟೇಲರ ಪ್ರತಿಮೆಗೆ ಮಾಲೆ ಬೀಳುತ್ತದೆ. ಮೊದಲು ವಿಮೋಚನಾ ದಿನ ಅನ್ನುತ್ತಿದ್ದೆವು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ನನಗೂ ಅದು ಹಬ್ಬವೇ. ನಮ್ಮ ಮನೆಯವರು ಊರಿಗೆ ಮರಳಿದ್ದು ಆ ದಿನದಿಂದ.

ಆದರೆ ಆ ಐದು ದಿನಗಳ ಬೆನ್ನಿಗೇ ಹಳ್ಳಿಗಳಲ್ಲಿ ಮುಸ್ಲಿಮರ ಕೊಲೆಗಳು ಶುರುವಾದವು. ಸುದ್ದಿ ದಿಲ್ಲಿ ಮುಟ್ಟಿದಾಗ ನೆಹರೂ ಒಂದು ಸದ್ಭಾವನಾ ತಂಡ ಕಳಿಸಿದರು. ಅದೇ ಸುಂದರಲಾಲ್ ಸಮಿತಿ: ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು 16 ಜಿಲ್ಲೆಗಳಲ್ಲಿ 9 ಜಿಲ್ಲೆ ಸುತ್ತಿದರು. ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಕೊನೆಗೆ ಬರೆದ ಲೆಕ್ಕ: ರಾಜ್ಯದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ. ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿಂದದ್ದು ನಾಲ್ಕು ಜಿಲ್ಲೆಗಳು: ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಯಾದಗಿರಿ ಆಗ ಗುಲ್ಬರ್ಗದೊಳಗೇ ಇತ್ತು. ಕೆಲವು ಕಡೆ ಸೈನಿಕರೂ ಕೈಜೋಡಿಸಿದರು ಅಂತ ವರದಿಯಲ್ಲಿದೆ. ಜೀವದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಮಾತೂ ಇದೆ. ಇನ್ನೊಂದು ಕಡೆ, ಬಾವಿಗಳ ಮಾತು ಬರುತ್ತದೆ. ಹೆಣಗಳು ತುಂಬಿದ ಬಾವಿಗಳನ್ನು ತಂಡದವರಿಗೆ ತೋರಿಸಿದರಂತೆ. ಒಂದು ಬಾವಿಯಲ್ಲಿ ಅವರೇ ನಿಂತು ಹನ್ನೊಂದು ಎಣಿಸಿದ್ದಾರೆ. ಹನ್ನೊಂದರಲ್ಲಿ ಒಬ್ಬ ತಾಯಿ, ಎದೆಗೆ ಅಂಟಿಕೊಂಡ ಮಗು.

ಅದನ್ನು ಓದಿದ ರಾತ್ರಿ ನಾನು ಊಟ ಮಾಡಲಿಲ್ಲ. ಬೋರ್‌ವೆಲ್ ನೀರಿನ ರುಚಿ ನಾಲಿಗೆಗೆ ಬಂತು. ನಮ್ಮ ಹೊಲದ ಬಾವಿಗೆ ಏನಾಗಿತ್ತು ಅಂತ ನನ್ನ ಬಳಿ ಸಾಕ್ಷಿ ಇಲ್ಲ. ನೀರು ಸವುಳಾಗಿರಲಿಲ್ಲ ಅನ್ನುವುದೊಂದೇ ಇರುವುದು.

ಈ ಸಂಗತಿಯನ್ನು ನಾನು ಸುಮಾರು ದಿನ ನಮ್ಮ ನಿಜಾಮ ಸೀಮೆಯ ಮನೆಜಗಳ ಅಂತಲೇ ನೋಡುತ್ತಿದ್ದೆ. ಕಣ್ಣು ತೆರೆಸಿದ್ದು ಕ್ಯಾಲೆಂಡರ್. ಅದೇ 1948ರ ಡಿಸೆಂಬರ್ 9ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನರಮೇಧ ತಡೆ ಒಪ್ಪಂದವನ್ನು ಅಂಗೀಕರಿಸಿತು. ಮರುದಿನ ಮಾನವ ಹಕ್ಕುಗಳ ಘೋಷಣೆ. ಅಲ್ಲಿ ಕೈ ಎತ್ತುತ್ತಿದ್ದ ದಿನಗಳಲ್ಲೇ ಇಲ್ಲಿ ಮೂರು ಜನ ಧೂಳಿನ ರಸ್ತೆಯಲ್ಲಿ ಹಳ್ಳಿ ಹಳ್ಳಿ ತಿರುಗುತ್ತ ಲೆಕ್ಕ ಬರೆಯುತ್ತಿದ್ದರು. ಇನ್ನೊಂದಿದೆ. ಇಂಥ ಕೊಲೆಗಳನ್ನು ಅಂತರರಾಷ್ಟ್ರೀಯ ಅಪರಾಧ ಅನ್ನಬೇಕು ಅಂತ 1946ರಲ್ಲಿ ವಿಶ್ವಸಂಸ್ಥೆಯ ಮುಂದೆ ಮೊದಲು ನಿರ್ಣಯ ತಂದವು ಮೂರು ದೇಶಗಳು: ಕ್ಯೂಬಾ, ಪನಾಮಾ ಮತ್ತು ಭಾರತ.

ಆ ಅಪರಾಧಕ್ಕೆ ಇಂಗ್ಲಿಷಿನಲ್ಲಿ 'ಜೆನೊಸೈಡ್' ಅಂತ ಹೆಸರಿಟ್ಟವರು ರಾಫೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲರು, 1944ರಲ್ಲಿ. ಅವರು ಕಾನೂನು ಓದುವಾಗಿನ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಆರ್ಮೇನಿಯನ್ನರನ್ನು ಲಕ್ಷಗಟ್ಟಲೆ ಕೊಲ್ಲಿಸಿದ ತುರ್ಕಿಯ ಮಂತ್ರಿ ತಲಾತ್‌ನನ್ನು 1921ರಲ್ಲಿ ಬರ್ಲಿನ್ ಬೀದಿಯಲ್ಲಿ ಒಬ್ಬ ಆರ್ಮೇನಿಯನ್ ಯುವಕ ಗುಂಡಿಕ್ಕಿ ಕೊಂದ. ಅವನ ಮೇಲೆ ಕೊಲೆ ಕೇಸು ನಡೆಯಿತು. ಒಬ್ಬನನ್ನು ಕೊಂದರೆ ಕೇಸು, ಲಕ್ಷ ಜನರನ್ನು ಕೊಲ್ಲಿಸಿದವನ ಮೇಲೆ ಯಾಕೆ ಕೇಸಿಲ್ಲ ಅಂತ ಲೆಮ್ಕಿನ್ ತಮ್ಮ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಹೇಳಿದ್ದು ಕೋಳಿಯ ಲೆಕ್ಕ: ಒಬ್ಬ ರೈತ ತನ್ನ ಕೋಳಿಗಳನ್ನು ತಾನೇ ಕೊಯ್ದರೆ ಅದು ಅವನಿಷ್ಟ, ನೀನು ನಡುವೆ ಹೋದರೆ ಅವನ ಹೊಲಕ್ಕೆ ನುಗ್ಗಿದ ತಪ್ಪು ನಿನ್ನದು. ಲೆಮ್ಕಿನ್ ಬಾಳೆಲ್ಲ ಆ ಮೇಷ್ಟ್ರಿಗೆ ಉತ್ತರ ಕೊಡುತ್ತಲೇ ಇದ್ದರು. ನಡುವೆ ಹಿಟ್ಲರನ ಜನ ಅವರ ಮನೆತನದ 49 ಮಂದಿಯನ್ನು ಕೊಂದರು.

ನಮ್ಮ ಬಾರ್ ರೂಮಿನಲ್ಲಿ ಈ ವಿಷಯ ತೆಗೆದರೆ ಈಗಲೂ ಕೋಳಿಯ ಲೆಕ್ಕವೇ ಬರುತ್ತದೆ. "ನಮ್ಮ ದೇಶದ ಮಾತು ಹೊರಗಿನವರಿಗೆ ಯಾಕ್ರಿ?" ಈ ಪ್ರಶ್ನೆ ಪೂರ್ತಿ ತಪ್ಪೂ ಅಲ್ಲ. ಹೊರಗಿನ ಕೋರ್ಟು ಯಾರ ಕೋರ್ಟು ಅಂತ ಕೇಳಲೇಬೇಕು. ಹಾಗೆ ಗಟ್ಟಿಯಾಗಿ ಕೇಳಿದವರು ನಮ್ಮವರೇ, ಕಲ್ಕತ್ತಾ ಹೈಕೋರ್ಟಿನ ಜಡ್ಜ್ ಆಗಿದ್ದ ರಾಧಾವಿನೋದ ಪಾಲ್. ಜಪಾನಿನ ನಾಯಕರನ್ನು ವಿಚಾರಿಸಿದ ಟೋಕಿಯೋ ನ್ಯಾಯಮಂಡಳಿಯ 11 ಜಡ್ಜರಲ್ಲಿ ಅವರೊಬ್ಬರು. ಆ ತೀರ್ಪು ಬಂದದ್ದೂ 1948ರ ನವೆಂಬರಿನಲ್ಲೇ. 25 ಮಂದಿಯೂ ತಪ್ಪಿತಸ್ಥರು, 7 ಮಂದಿಗೆ ಗಲ್ಲು. ಪಾಲ್ ಮಾತ್ರ ಸಾವಿರಕ್ಕೂ ಹೆಚ್ಚು ಪುಟ ಬರೆದು, ಎಲ್ಲರೂ ನಿರ್ದೋಷಿಗಳು ಅಂದರು. ಗೆದ್ದವರು ಸೋತವರನ್ನು ವಿಚಾರಿಸಿದರೆ ಅದು ನ್ಯಾಯ ಹೇಗಾಗುತ್ತದೆ, ಅಣುಬಾಂಬು ಹಾಕಿದವರನ್ನು ಯಾರು ಕೇಳುತ್ತಾರೆ ಅನ್ನುವುದು ಅವರ ತಕರಾರು. ಜಪಾನಿನ ಯಾಸುಕುನಿ ಗುಡಿಯ ಅಂಗಳದಲ್ಲಿ ಅವರ ಸ್ಮಾರಕ ಇದೆ. ಅದನ್ನು ಕಟ್ಟಿದವರು ಒಂದು ಮಾತನ್ನು ಮರೆಯುತ್ತಾರೆ. ಪಾಲ್ ಕೊಲೆ, ಅತ್ಯಾಚಾರ ನಡೆದೇ ಇಲ್ಲ ಅಂತ ಎಲ್ಲೂ ಬರೆದಿಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ ಜಪಾನಿ ಸೈನಿಕರು ಮಾಡಿದ್ದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ ಅಂತ ಅವರೇ ಒಪ್ಪಿದ್ದಾರೆ. ನಾನೂ ಆ ತೀರ್ಪನ್ನು ಪೂರ್ತಿ ಓದಿದವನಲ್ಲ, ಹೆಮ್ಮೆಪಡುವ ವಕೀಲರಲ್ಲಿ ಬಹಳ ಜನ ಓದಿರಲಿಕ್ಕಿಲ್ಲ.

ಪಾಲ್ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. 1998ರ ಜುಲೈ 17ರಂದು ರೋಮ್‌ನಲ್ಲಿ 120 ದೇಶಗಳು ಒಪ್ಪಿ, ಒಂದು ಕಾಯಂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಮಾಡಿದವು. 2002ರಿಂದ ಹೇಗ್‌ನಲ್ಲಿ ಅದು ನಡೆಯುತ್ತಿದೆ. ಅಮೆರಿಕ, ರಷ್ಯ, ಚೀನಾ, ಭಾರತ ನಾಲ್ಕೂ ಅದರ ಸದಸ್ಯರಲ್ಲ. ರೋಮ್‌ನಲ್ಲಿ ನಾವು ಮತ ಹಾಕದೆ ಕೂತೆವು.

ಆ ಕೋರ್ಟಿನ ಕಷ್ಟ ನಮಗೆ ಚೆನ್ನಾಗಿ ಅರ್ಥ ಆಗುತ್ತದೆ. ನಮ್ಮಲ್ಲಿ ವಾರಂಟ್ ಆದರೆ ಜಾರಿ ಮಾಡಲು ಪೊಲೀಸ್ ಇದ್ದಾರೆ, ನೋಟಿಸ್ ಕೊಡಲು ಅಮೀನ ಇದ್ದಾನೆ. ಆಸಾಮಿ ಮನೆಯೊಳಗೇ ಕೂತು "ಊರಲ್ಲಿಲ್ಲ" ಅಂತ ಹೆಂಡತಿಯಿಂದ ಹೇಳಿಸಿದರೆ, ಅಮೀನ ಬಾಗಿಲಿಗೆ ಅಂಟಿಸಿ ಬರುತ್ತಾನೆ. ಹೇಗ್‌ಗೆ ಪೊಲೀಸೂ ಇಲ್ಲ, ಅಮೀನನೂ ಇಲ್ಲ. ಸುಡಾನಿನ ಅಧ್ಯಕ್ಷ ಒಮರ್ ಅಲ್ ಬಶೀರ್ ಮೇಲೆ 2009ರಲ್ಲೇ ದಾರ್ಫುರ್ ಪ್ರಕರಣದಲ್ಲಿ ವಾರಂಟ್ ಆಯಿತು. 2015ರ ಅಕ್ಟೋಬರಿನಲ್ಲಿ ಆತ ದಿಲ್ಲಿಗೆ ಬಂದು ಆಫ್ರಿಕಾ ಶೃಂಗಸಭೆಯಲ್ಲಿ ಕೂತು ಹೋದ. ನಾವು ಸದಸ್ಯರಲ್ಲ, ಹಿಡಿಯುವ ಬಾಧ್ಯತೆ ನಮಗಿರಲಿಲ್ಲ ಅನ್ನಬಹುದು. ಮಂಗೋಲಿಯಾ ಸದಸ್ಯ ದೇಶವೇ. 2023ರಲ್ಲಿ ವಾರಂಟ್ ಆದ ಪುಟಿನ್ 2024ರಲ್ಲಿ ಅಲ್ಲಿಗೆ ಹೋಗಿ ಗೌರವ ರಕ್ಷೆ ತೆಗೆದುಕೊಂಡು ಬಂದರು. 2024ರ ನವೆಂಬರಿನಲ್ಲಿ ನೆತನ್ಯಾಹು ಮೇಲೆ ವಾರಂಟ್ ಆಯಿತು. ಮೂರೇ ತಿಂಗಳಿಗೆ ಅಮೆರಿಕ ಆ ಕೋರ್ಟಿನ ಮೇಲೇ ನಿರ್ಬಂಧ ಹಾಕಿತು. ಗೌಡನ ಮಗನ ಮೇಲೆ ಕೇಸು ಹಾಕಿದರೆ ಬರೆದ ಪಿಎಸ್‌ಐಗೆ ಟ್ರಾನ್ಸ್‌ಫರ್ ಆಗುವ ಹಾಗೆ.

ಹಾಗಂತ ಕಾಗದ ಸುಮ್ನೆ ಹೋಗುವುದಿಲ್ಲ. ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈನಲ್ಲಿ ಎಂಟು ಸಾವಿರ ಗಂಡಸರು, ಹುಡುಗರನ್ನು ಕೊಂದ ಸೇನೆಯ ರಾಜಕೀಯ ನಾಯಕ ಕರಾಜಿಚ್ 2008ರವರೆಗೆ ಸಿಗಲಿಲ್ಲ. ಎಲ್ಲಿದ್ದ ಗೊತ್ತಾ? ಬೆಲ್‌ಗ್ರೇಡ್ ಪಟ್ಟಣದಲ್ಲಿ ಉದ್ದ ಗಡ್ಡ ಬಿಟ್ಟು, ತಲೆಮೇಲೆ ಜುಟ್ಟು ಕಟ್ಟಿ, ಬೇರೆ ಹೆಸರಿನಲ್ಲಿ ನಾಟಿ ವೈದ್ಯನಂತೆ ಬದುಕಿದ್ದ! ಬಸ್ಸಿನಲ್ಲಿ ಹೋಗುವಾಗ ಹಿಡಿದರು. ಕೊನೆಗೆ ಜೀವಾವಧಿ ಆಯಿತು. ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷ ದುತರ್ತೆಯನ್ನು 2025ರ ಮಾರ್ಚಿನಲ್ಲಿ ಅವರದೇ ದೇಶದ ಪೊಲೀಸರು ಹಿಡಿದು ಹೇಗ್‌ಗೆ ಕಳಿಸಿದರು. ಕುರ್ಚಿ ಹೋದ ಮೇಲೆ, ಹೊಸ ಅಧ್ಯಕ್ಷನ ಜೊತೆ ಜಗಳವೂ ಆದ ಮೇಲೆ. ಇಂಥ ಕೇಸುಗಳಲ್ಲಿ ಕಾನೂನು ಕೆಲಸ ಮಾಡುವುದು ಹೀಗೇ: ಕಾಗದ ತಯಾರಾಗಿ ಕಾಯುತ್ತಿರಬೇಕು, ಒಂದು ದಿನ ರಾಜಕೀಯ ಪಕ್ಕಕ್ಕೆ ಸರಿಯುತ್ತದೆ. ಆ ದಿನ ಕಾಗದವೇ ಇಲ್ಲದಿದ್ದರೆ ಏನೂ ಇಲ್ಲ.

ನಮ್ಮಲ್ಲಿ ಆದದ್ದು ಇದು. ಲೆಕ್ಕ ಬರೆದರು, ಒಳಗಿಟ್ಟರು. ರಜಾಕಾರರ ಮುಖ್ಯಸ್ಥ ಕಾಸಿಂ ರಜವಿಯ ವಿಚಾರಣೆಯಾದರೂ ಆಯಿತು, ಸರಿ. ಅವನಿಗೆ ಏಳು ವರ್ಷ ಶಿಕ್ಷೆ ಆದದ್ದು ಯಾವ ಅಪರಾಧಕ್ಕೆ? ಬೀಬಿನಗರದ ಡಕಾಯಿತಿಗೆ. ಇಡೀ ಸೀಮೆಯನ್ನು ನಡುಗಿಸಿದವನು ಕೋರ್ಟಿನ ದಾಖಲೆಯಲ್ಲಿ ಒಬ್ಬ ಡಕಾಯಿತ. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಗೋರ್ಟಾದವರಿಗೂ ಸಿಗಬೇಕಾದ್ದು ಸಿಗಲಿಲ್ಲ, ಬಾವಿಯಲ್ಲಿದ್ದವರಿಗೂ ಸಿಗಲಿಲ್ಲ. ಕಾನೂನಿನ ಪುಸ್ತಕದಲ್ಲಿ ಇಂಥದ್ದಕ್ಕೆ ಕಲಂ ಇರಲಿಲ್ಲ.

ಈಗಲೂ ಇಲ್ಲ. 1946ರಲ್ಲಿ ನಿರ್ಣಯ ತಂದ ನಾವು 1949ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, 1959ರಲ್ಲಿ ಅನುಮೋದಿಸಿದೆವು. ಒಪ್ಪಂದದ ಪ್ರಕಾರ ನಮ್ಮದೇ ಕಾನೂನು ಮಾಡಬೇಕಿತ್ತು, ಮಾಡಲಿಲ್ಲ. 1984ರ ಸಿಖ್ಖರ ಕೊಲೆಗಳ ಕೇಸಿನಲ್ಲಿ 34 ವರ್ಷದ ಮೇಲೆ, 2018ರ ಡಿಸೆಂಬರಿನಲ್ಲಿ, ಕಾಂಗ್ರೆಸ್ಸಿನ ಸಜ್ಜನ್ ಕುಮಾರ್‌ಗೆ ಶಿಕ್ಷೆ ಕೊಡುವಾಗ ದಿಲ್ಲಿ ಹೈಕೋರ್ಟ್ ಇದನ್ನೇ ಹೇಳಿತು: ನರಮೇಧವಾಗಲಿ, ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದೇಶದ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕೊರತೆ ಬೇಗ ತುಂಬಬೇಕು. 2024ರ ಜುಲೈನಿಂದ ಹೊಸ ನ್ಯಾಯ ಸಂಹಿತೆ ಬಂತು. ಹಳೆಯ ಸೆಕ್ಷನ್ನುಗಳ ನಂಬರ್ ಬದಲಾದವು, ನಾವು ಬಾಯಿಪಾಠ ಮಾಡಿದ್ದೆಲ್ಲ ವ್ಯರ್ಥ ಆಯಿತು. ಈ ಎರಡು ಅಪರಾಧ ಮಾತ್ರ ಒಳಗೆ ಬರಲಿಲ್ಲ.

ಟಿವಿಯಲ್ಲಿ ಎಲ್ಲದಕ್ಕೂ ನರಮೇಧ ಅನ್ನುತ್ತಾರೆ. ಕಾನೂನಿನಲ್ಲಿ ಅದಕ್ಕೆ ಒಂದು ಜನಾಂಗವನ್ನೋ ಧರ್ಮದವರನ್ನೋ ಅಳಿಸಿಬಿಡುವ ಉದ್ದೇಶ ಸಾಬೀತಾಗಬೇಕು. ಸತ್ತವರ ಸಂಖ್ಯೆಯೊಂದೇ ಸಾಲದು. 1948ರಲ್ಲಿ ನಮ್ಮಲ್ಲಿ ಆದದ್ದಕ್ಕೆ ಯಾವ ಹೆಸರು ಅಂತ ನಾನು ತೀರ್ಪು ಕೊಡುವುದಿಲ್ಲ. ಹೆಸರಿಗಾಗಿ ಜಗಳ ಆಡುತ್ತ ಎಣಿಕೆಯನ್ನೇ ಮರೆಯುವುದನ್ನು ಬೇಕಾದಷ್ಟು ನೋಡಿದ್ದೇನೆ.

ರವಾಂಡಾದಲ್ಲಿ 1994ರಲ್ಲಿ ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ದೊಡ್ಡವರನ್ನು ವಿಚಾರಿಸಲು ಪಕ್ಕದ ತಾಂಜಾನಿಯಾದ ಅರುಷಾದಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ ಬಂತು. ಉಳಿದ ಲಕ್ಷಗಟ್ಟಲೆ ಕೇಸಿಗೆ ಊರೂರಿನಲ್ಲಿ 'ಗಚಾಚಾ' ಅಂತ ಮಾಡಿದರು. ಗಚಾಚಾ ಅಂದರೆ ಹುಲ್ಲು. ಹುಲ್ಲಿನ ಮೇಲೆ ಕೂತು ಊರವರೇ ನಡೆಸುವ ಪಂಚಾಯಿತಿ. ವಕೀಲರಿಲ್ಲ. (ಓದಿ ನನಗೆ ಸ್ವಲ್ಪ ಕಸಿವಿಸಿ ಆಯಿತು.) ಸುಮಾರು 12 ಸಾವಿರ ಕಡೆ ನಡೆದು 2012ರಲ್ಲಿ ಮುಗಿದವು. ಕೊಂದವನು ಗಂಡನನ್ನು ಎಲ್ಲಿ ಹೂತಿದ್ದಾನೆ ಅಂತ ಹೆಂಡತಿಗೆ ಗೊತ್ತಾದದ್ದು ಅಲ್ಲೇ. ಆದರೆ ಗೆದ್ದು ಅಧಿಕಾರಕ್ಕೆ ಬಂದ ಸೇನೆ ಮಾಡಿದ ಕೊಲೆಗಳು ಹುಲ್ಲಿನ ಮೇಲೂ ಬರಲಿಲ್ಲ, ಅರುಷಾಕ್ಕೂ ಬರಲಿಲ್ಲ. ಪಾಲ್ ಇದ್ದಿದ್ದರೆ ನಗುತ್ತಿದ್ದರೇನೋ.

ಅರುಷಾದ ಒಂದು ಕೇಸನ್ನು ಜೂನಿಯರ್‌ಗಳಿಗೆ ನಾನು ಹೇಳುತ್ತಿರುತ್ತೇನೆ. ತಾಬಾ ಎಂಬ ಕಡೆಯ ಮೇಯರ್ ಅಕಾಯೆಸು, ಮೊದಲು ಶಾಲೆ ಮಾಸ್ತರ. ಅವನ ಮೇಲಿನ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಬೇರೇನೋ ಹೇಳಲು ಬಂದ ಒಬ್ಬ ಹೆಣ್ಣುಮಗಳು ಕಟಕಟೆಯಲ್ಲಿ ನಿಂತು ತನ್ನ ಪುಟ್ಟ ಮಗಳಿಗೆ ಆದದ್ದನ್ನು ಹೇಳಿಬಿಟ್ಟಳು. ಜಡ್ಜರಲ್ಲಿ ಒಬ್ಬಾಕೆ, ದಕ್ಷಿಣ ಆಫ್ರಿಕಾದ ತಮಿಳು ಮೂಲದ ನವನೀತಂ ಪಿಳ್ಳೈ. ಜಡ್ಜರು ಆ ಮಾತನ್ನು ಕೆದಕಿ ಕೇಳಿದರು. ಆರೋಪಪಟ್ಟಿ ಬದಲಾಯಿತು. 1998ರ ಸೆಪ್ಟೆಂಬರ್ 2ರಂದು ಬಂದ ತೀರ್ಪಿನಲ್ಲಿ, ಅತ್ಯಾಚಾರವೂ ನರಮೇಧದ ಆಯುಧ ಆಗಬಹುದು ಅಂತ ಮೊದಲ ಸಲ ಬರೆಯಲಾಯಿತು. ಆ ತಾಯಿಗೆ ತೀರ್ಪಿನಲ್ಲಿ ಹೆಸರಿಲ್ಲ. ಒಂದು ಅಕ್ಷರ ಅಷ್ಟೇ, ಸಾಕ್ಷಿ 'ಜೆ'.

ಹೋದ ವರ್ಷ ನನ್ನ ಆಫೀಸಿಗೆ ಬೀದರ್ ಕಡೆಯ ಒಬ್ಬ ಚಾಚಾ ಬಂದರು. ವಯಸ್ಸು ಎಂಬತ್ತೈದರ ಹತ್ತಿರ. ಕೈಚೀಲದಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಕಾಗದಗಳು. ನಿಜಾಮರ ಕಾಲದ ಜಮೀನಿನ ದಾಖಲೆ, ಉರ್ದು ಸೇತ್ವಾರ್, ಅದರಲ್ಲಿ ಅವರ ಅಬ್ಬಾನ ಹೆಸರು. 1954–55ರ ಖಾಸ್ರಾ ಪಹಣಿ, ಅದರಲ್ಲಿ ಬೇರೆಯವರ ಹೆಸರು. ನಡುವೆ ಕ್ರಯಪತ್ರ ಇಲ್ಲ, ದಾನಪತ್ರ ಇಲ್ಲ, ಏನೂ ಇಲ್ಲ. ಹೊಲ ಕೈ ಬದಲಾಗಿದೆ ಅಷ್ಟೇ.

"ಚಾಚಾ, ಇದು ನಡೆಯೂದಿಲ್ರಿ. ಹನ್ನೆರಡು ವರ್ಷದ ಮ್ಯಾಲೆ ಹೊಲದ ಮಾತು ಮುಗೀತು," ಅಂದೆ.

"ಗೊತ್ತದರಿ ವಕೀಲಸಾಬ್. ಹೊಲ ಬ್ಯಾಡ."

ಎದುರಿನ ಹೋಟೆಲ್ಲಿಗೆ ಕರೆದುಕೊಂಡು ಹೋಗಿ ಚಾ ಹೇಳಿದೆ. ಕೊಲೆಗೆ ಕಾಲಮಿತಿ ಇಲ್ಲ, ಯುದ್ಧಾಪರಾಧಕ್ಕೂ ಇರಬಾರದು ಅಂತ 1968ರಲ್ಲೇ ವಿಶ್ವಸಂಸ್ಥೆ ಒಪ್ಪಂದ ಮಾಡಿದೆ. ಅದನ್ನು ಅವರಿಗೆ ಹೇಳಬೇಕು ಅನಿಸಿತು. ಯಾರ ಮೇಲೆ ಹಾಕುವುದು? ಹಾಕುವ ಕಲಂ ಯಾವುದು? ಹೇಳಲಿಲ್ಲ.

ಅವರು ಚಾವನ್ನು ಬಸಿಗೆ ಸುರುವಿಕೊಂಡು ಊದಿದರು. ಕುಡಿಯಲಿಲ್ಲ. ಆಗ ತಮಗೆ ಎಂಟು ವರ್ಷ ಅಂದರು. ಮನೆಯಿಂದ ಹೊರಬಿದ್ದವರು ಆರು ಮಂದಿ. ಕೊನೆಗೆ ಉಳಿದದ್ದು ಅವರು ಮತ್ತು ಅಮ್ಮಿ. ಊರ ಹೊರಗಿನ ಒಬ್ಬ ಕುಂಬಾರ ಇಬ್ಬರನ್ನೂ ಆವಿಗೆಯ ಹಿಂದೆ, ಒಡೆದ ಗಡಿಗೆಗಳ ರಾಶಿಯ ನಡುವೆ ಕೂರಿಸಿ ಮೇಲೆ ತೊಗರಿಕಟ್ಟಿಗೆ ಹೊದಿಸಿದ. ಎಷ್ಟು ದಿನ ಅಂತ ಅವರಿಗೆ ನೆನಪಿಲ್ಲ. ರಾತ್ರಿ ಕುಂಬಾರನ ಹೆಂಡತಿ ರೊಟ್ಟಿ ತಂದು ಕೊಡುತ್ತಿದ್ದಳು, ಮೇಲೆ ಪುಂಡಿಪಲ್ಲೆ. ಅಮ್ಮಿ ಸಾಯುವವರೆಗೂ ಮನೆಯಲ್ಲಿ ಪುಂಡಿಪಲ್ಲೆ ಮಾಡಲಿಲ್ಲವಂತೆ.

"ನೀವು ಬರೀತೀರಂತಲ್ಲ," ಅಂದರು. "ಬರೀರಿ. ಕುಂಬಾರನ ಹೆಸರು ಬರೀರಿ. ನಂದು ಬ್ಯಾಡ. ಮೊಮ್ಮಕ್ಕಳು ಅದೇ ಊರಾಗ ಅದಾವ."

ದೀಪಾವಳಿ ರಜೆಯಲ್ಲಿ ಆ ಊರಿಗೆ ಹೋದೆ. ಕುಂಬಾರನ ಮೊಮ್ಮಗ ಸಿಕ್ಕ. ಈಗ ಗಡಿಗೆ ಮಾಡುವುದಿಲ್ಲ, ಟಂಟಂ ಓಡಿಸುತ್ತಾನೆ. ಕತೆ ಅವನಿಗೆ ಗೊತ್ತಿತ್ತು. ಆವಿಗೆ ಇದ್ದ ಜಾಗ ತೋರಿಸಿದ, ಅಲ್ಲಿ ಈಗ ಸಿಮೆಂಟ್ ಇಟ್ಟಿಗೆ ಪೇರಿಸಿದ್ದಾರೆ. ನಿಮ್ಮ ಮುತ್ಯಾನ ಹೆಸರು ಬರೆಯಲೇ ಅಂತ ಕೇಳಿದೆ. ಅವನು ಸುತ್ತ ಒಮ್ಮೆ ನೋಡಿದ.

"ಚಲೋ ಕೆಲಸಾನೇ ಮಾಡ್ಯಾನ್ರಿ ಅಂವಾ," ಅಂದ. "ಆದ್ರ ಬ್ಯಾಡ್ರಿ. ಈಗ್ಯಾಕ ಸುಮ್ನೆ."